ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರ ವಿದ್ಯಾದಾಸೋಹ

ದಳವಾಯಿಗಳ ಊರೆಂದು ಹೆಸರಾದ ಕಳಲೆಯೂ, ಕಪಿಲಾತೀರದ ಸುತ್ತೂರೂ ಸೇರಿದ ನಂಜನಗೂಡು ಸೀಮೆಯಲ್ಲಿ ಹಳ್ಳಿಯ ಬಾಲಕನು ಮೇಲಣ ವಿದ್ಯೆಯನ್ನು ಬಯಸಿದರೆ ಹಿಂದೆ ಮೈಸೂರು ನಗರವನ್ನೇ ಸೇರಬೇಕಾಗಿದ್ದಿತು. ಅಲ್ಲಿ ಅವನಿಗೆ ಎರಡು ಹೊತ್ತಿನ ಪ್ರಸಾದಕ್ಕೆ ಗತಿಯೇನೆಂಬುದೇ ಬಡ ತಾಯಿತಂದೆಗಳ ಚಿಂತೆ. ಈ ಚಿಂತೆಯನ್ನು ತಮ್ಮದೆಂದೇ ಭಾವಿಸಿದ ಮಹನೀಯರು ಸುತ್ತೂರು ಶ್ರೀ ವೀರಸಿಂಹಾಸನ ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು.

1916ನೆಯ ಇಸವಿಯಲ್ಲಿ ಜನಿಸಿದ ಶ್ರೀಗಳವರು ಎಳೆಯ ವಯಸ್ಸಿನಲ್ಲಿಯೇ, 1928ರಲ್ಲಿ, ಪೀಠವನ್ನೇರಿದರು. ಮೈಸೂರಿನಲ್ಲಿಯೂ ಬಳಿಕ ಕಾಶೀಕ್ಷೇತ್ರದಲ್ಲಿಯೂ ಶಾಸ್ತ್ರಾಭ್ಯಾಸವನ್ನು ಮಾಡಿದರು. 1941ರಲ್ಲಿ ಮೈಸೂರಿನಲ್ಲಿ ಕೆಲವೇ ವಿದ್ಯಾರ್ಥಿಗಳೊಡನೆ ಉಚಿತ ಪ್ರಸಾದನಿಲಯವೊಂದನ್ನು ಆರಂಭಿಸಿದರು.

ಅದು ಎರಡನೆಯ ಮಹಾಯುದ್ಧದ ಕಾಲ. ಧಾನ್ಯವು ದುರ್ಲಭವಾಗಿ ಬೆಲೆಗಳು ಏರಿದವು. ನಿಲಯವನ್ನು ಮುಚ್ಚಿ ಮಕ್ಕಳನ್ನು ಊರಿಗೆ ಕಳುಹಿಸುವುದು ಸುಲಭವಾದ ಹಾದಿಯಾಗಿದ್ದಿತು. ಆದರೆ ಒಮ್ಮೆ ನೇಗಿಲಿಗೆ ಮರಳಿದ ಬಡವನ ಮಗನು ಪುನಃ ಪುಸ್ತಕವನ್ನು ಹಿಡಿಯುವುದು ಅಪರೂಪ. ಮಠದ ಬೆಳ್ಳಿಬಂಗಾರವಾದರೋ ಭಕ್ತರು ಭಕ್ತಿಯಿಂದ ಸಮರ್ಪಿಸಿದ ಒಡವೆ. ಅದನ್ನು ಕೈಬಿಡುವುದೂ ಹಗುರವಾದ ಮಾತಲ್ಲ. ಈ ಎರಡರ ನಡುವೆ ಶ್ರೀಗಳವರು ಮಕ್ಕಳ ಹಸಿವಿಗೇ ಮೊದಲ ಸ್ಥಾನವನ್ನಿತ್ತು, ಚಿನ್ನದ ಕರಡಿಗೆಯನ್ನೂ ಬೆಳ್ಳಿಯ ಸಾಮಗ್ರಿಗಳನ್ನೂ ಮಾರಿ ಒಲೆಯನ್ನು ಆರದಂತೆ ಕಾಪಾಡಿದರೆಂಬ ಸಂಗತಿಯು ಭಕ್ತರಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಳಿಬಂದಿದೆ. ಲಿಂಗಕ್ಕೆ ಅರ್ಪಿತವಾದುದು ಜಂಗಮಕ್ಕೆ ಸಂದಿತು. ದಾಸೋಹದ ತತ್ತ್ವಕ್ಕೆ ಇದರಿಂದ ಕುಂದುಂಟಾಗದೆ ಸಾರ್ಥಕತೆಯೇ ಒದಗಿತು. ಮುಂದೆ ಜಾತಿಮತಗಳ ಎಣಿಕೆಯಿಲ್ಲದೆ ಮಕ್ಕಳು ಈ ಆಶ್ರಯವನ್ನು ಪಡೆದರು.

ಸಂಸ್ಥೆಗಳು ಬೆಳೆದಂತೆ ಶ್ರೀಗಳವರು ಎಲ್ಲವನ್ನೂ ತಮ್ಮೊಬ್ಬರ ಮಾತಿನ ಮೇಲೆ ನಿಲ್ಲಿಸಲಿಲ್ಲ. 1954ರಲ್ಲಿ ಶ್ರೀ ಜಗದ್ಗುರು ಶಿವರಾತ್ರೀಶ್ವರ ಮಹಾವಿದ್ಯಾಪೀಠವನ್ನು ಸ್ಥಾಪಿಸಿ, ಆಡಳಿತವನ್ನು ಒಂದು ಕಟ್ಟಳೆಗೆ ಒಳಪಡಿಸಿದರು. ವ್ಯಕ್ತಿಯು ಅಳಿದರೂ ಕಾರ್ಯವು ಉಳಿಯುವುದಕ್ಕೆ ಇದೇ ಬುನಾದಿಯಾಯಿತು. 1963ರಲ್ಲಿ ಮೈಸೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜೂ, 1984ರಲ್ಲಿ ವೈದ್ಯಕೀಯ ಕಾಲೇಜೂ ತಲೆಯೆತ್ತಿದವು.

1986ನೆಯ ಡಿಸೆಂಬರ್ 6ರಂದು ಶ್ರೀಗಳವರು ಲಿಂಗೈಕ್ಯರಾದರು. ವಿದ್ಯಾಲಯಗಳ ಆಡಳಿತವನ್ನು ಹೊತ್ತವರಿಗೆ ಅವರ ಜೀವನವು ಒಂದು ಒರೆಗಲ್ಲು. ಬೊಕ್ಕಸವು ತುಂಬಿದಾಗ ದಾನಮಾಡುವವರು ಹಲವರುಂಟು. ಬರಿದಾದಾಗ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ಅರಿತು ನಡೆದವರು ವಿರಳ. ಶ್ರೀಗಳವರು ಬಂಗಾರವನ್ನು ಬಿಟ್ಟರು, ಮಕ್ಕಳನ್ನು ಬಿಡಲಿಲ್ಲ.