ಮೂಕಜೀವಿಗಳ ನೋವನ್ನು ಕಂಡ ಮಹಾಮುನಿ: ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು



ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಹೊಸ ಚೈತನ್ಯವನ್ನಿತ್ತ ಚಾರಿತ್ರ ಚಕ್ರವರ್ತಿ ಪರಮಪೂಜ್ಯ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರು ನಮ್ಮ ಗಡಿನಾಡಿನ ಪುಣ್ಯಪುರುಷರು. ಅವರು 1872ರಲ್ಲಿ ತಾಯಿಯ ತವರೂರಾದ ಯಳಗುಡದಲ್ಲಿ ಜನಿಸಿದರು. ಬೆಳೆದದ್ದು ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದಲ್ಲಿ. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ಜನ್ಮನಾಮ ಸಾತಗೌಡ.

ಪಾಟೀಲರ ಮನೆತನಕ್ಕೆ ಒಕ್ಕಲುತನವೂ ಇತ್ತು, ಬಟ್ಟೆಯ ಅಂಗಡಿಯೂ ಇತ್ತು. ಅಂಗಡಿಯಲ್ಲಿ ಕುಳಿತಾಗ ಸಾತಗೌಡರು ಗಿರಾಕಿಗಳಿಗೇ ಬಟ್ಟೆಯನ್ನು ಅಳೆದುಕೊಳ್ಳಲು ಹೇಳುತ್ತಿದ್ದರಂತೆ. ಹೊಲದಲ್ಲಿ ತೆನೆಗೆ ಮುತ್ತಿದ ಹಕ್ಕಿಗಳನ್ನು ಅವರು ಓಡಿಸುತ್ತಿರಲಿಲ್ಲ. ಕಾಳು ತಿಂದ ಹಕ್ಕಿಗೆ ನೀರಡಿಕೆಯಾಗುವುದೆಂದು ಅಲ್ಲಿಯೇ ನೀರನ್ನೂ ಇಡುತ್ತಿದ್ದರೆಂದು ಅವರ ಚರಿತ್ರೆಯನ್ನು ಬರೆದವರು ತಿಳಿಸಿದ್ದಾರೆ. ಎಲ್ಲರ ಹೊಲಕ್ಕೂ ಹಕ್ಕಿ ಬರುತ್ತಿತ್ತು. ಅದರ ನೀರಡಿಕೆಯನ್ನು ಕಂಡವರು ಸಾತಗೌಡರು.

ಬಾಲ್ಯದಲ್ಲಿಯೇ ವಿವಾಹವಾಗಿ ಬಾಲವಧು ತೀರಿಕೊಂಡ ಬಳಿಕ ಅವರು ಮತ್ತೆ ಸಂಸಾರಕ್ಕೆ ಮನಸ್ಸು ಕೊಡಲಿಲ್ಲ. ತಂದೆತಾಯಿಗಳ ಸೇವೆಯನ್ನು ಮುಗಿಸಿ ಉತ್ತೂರಿನಲ್ಲಿ ಕ್ಷುಲ್ಲಕ ದೀಕ್ಷೆ ಪಡೆದರು. ಗಿರ್ನಾರ ಯಾತ್ರೆಯ ನಂತರ ವಾಹನಗಳನ್ನು ಆಜೀವನ ತ್ಯಜಿಸಿದರು. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯಾಯಿತು. 1924ರಲ್ಲಿ ನಮ್ಮ ಸಾಂಗಲಿ ಜಿಲ್ಲೆಯ ಸಮಡೋಳಿಯಲ್ಲಿ ಆಚಾರ್ಯ ಪದವಿ ಪ್ರಾಪ್ತವಾಯಿತು. ಮುಂದೆ ಕಾಲ್ನಡಿಗೆಯಿಂದಲೇ ಸಮ್ಮೇದ ಶಿಖರ್ಜಿಯವರೆಗೂ ವಿಹರಿಸಿ, ಅಸಂಖ್ಯ ಶ್ರಾವಕರಿಗೆ ವ್ರತಗಳನ್ನಿತ್ತರು. 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನ ಪೂರ್ವಕ ಸಮಾಧಿಸ್ಥರಾದರು.

ಶ್ರಾವಕರ ವ್ರತಗಳಲ್ಲಿ ಮೊದಲನೆಯದು ಅಹಿಂಸಾಣುವ್ರತ. ಅದಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೇಳಿದೆ. ಕದಲದಂತೆ ಬಿಗಿದು ಕಟ್ಟುವುದು ಬಂಧ, ಹೊಡೆಯುವುದು ವಧ, ಅಂಗಗಳನ್ನು ಕತ್ತರಿಸುವುದು ಛೇದ, ಮಿತಿಮೀರಿ ಹೊರಿಸುವುದು ಅತಿಭಾರಾರೋಪಣ, ಮೇವು ನೀರು ಕೊಡದಿರುವುದು ಅನ್ನಪಾನನಿರೋಧ. ಆಚಾರ್ಯರು ಸಮಾಧಿಸ್ಥರಾದ ಐದು ವರ್ಷಗಳ ಬಳಿಕ, ರುಕ್ಮಿಣಿದೇವಿ ಅರುಂಡೇಲರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮು ಈ ಐದನ್ನೂ ಅಪರಾಧವೆಂದು ಸಾರಿದೆ. ಶಾಸ್ತ್ರದಲ್ಲಿ ಅತಿಚಾರವಾದದ್ದು ಇಂದು ರಾಜ್ಯದ ಕಾನೂನಿನಲ್ಲಿಯೂ ತಪ್ಪು.

ನಮ್ಮ ಜತ್ತ ತಾಲೂಕು ಬರದ ನಾಡು, ಖಿಲಾರಿ ದನಗಳ ನಾಡು. ಯಲ್ಲಮ್ಮ ದೇವಿಯ ಜಾತ್ರೆಯ ದನದ ಪೇಟೆಯಲ್ಲಿ, ಕಬ್ಬಿನ ಹಂಗಾಮಿನ ಗಾಡಿಗಳಲ್ಲಿ ಈ ಐದನ್ನೂ ಕಣ್ಣಿಟ್ಟು ನೋಡಬೇಕು. ನೊಗದಡಿಯ ಹುಣ್ಣು, ಎದ್ದು ಕಾಣುವ ಎಲುಬು, ಕುಂಟುವ ಕಾಲು, ಬಾಯಲ್ಲಿ ನೊರೆ, ಬತ್ತಿದ ದೋಣಿ: ಇವೇ ಅವುಗಳ ದೂರುಪತ್ರ. 1965ರ ನಿಯಮಗಳಂತೆ ಎತ್ತನ್ನು ದಿನಕ್ಕೆ 9 ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ.

ಕಂಡವರು ಮೊದಲು ಮಾಲಕನಿಗೆ ಸಮಾಧಾನದಿಂದ ತಿಳಿಹೇಳಬೇಕು. ಅವನೂ ಹೊಟ್ಟೆಪಾಡಿಗಾಗಿ ದುಡಿಯುವವನೇ. ಅನೇಕ ಸಲ ಒಂದು ಕೊಡ ನೀರು, ಒಂದು ಹೊರೆ ಮೇವಿನಿಂದಲೇ ಕೆಲಸವಾದೀತು. ಜೀವ ನರಳುತ್ತಿದ್ದರೆ ಪಶುವೈದ್ಯರಿಗಾಗಿ 1962ಕ್ಕೆ ಫೋನು ಮಾಡಬೇಕು. ಹಿಂಸೆ ನಿಲ್ಲದಿದ್ದರೆ 112ಕ್ಕೆ ತಿಳಿಸಿ, ಸ್ಥಳ, ವೇಳೆ, ಗಾಡಿಯ ನಂಬರು ಬರೆದು, ಫೋಟೋ ಸಮೇತ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಪೋಚು ಪಡೆಯಬೇಕು. 1960ರ ಕಾಯಿದೆ ಮೊದಲ ತಪ್ಪಿಗೆ ಇಟ್ಟ ದಂಡ ಕೇವಲ 10ರಿಂದ 50 ರೂಪಾಯಿ. ಆದರೆ ಪ್ರಾಣಿಯನ್ನು ಕೊಂದರೆ, ಅಂಗಹೀನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಂತೆ 5 ವರ್ಷಗಳವರೆಗೆ ಸೆರೆವಾಸವಿದೆ.

ವ್ಯಾಪಾರಿ ಬಂಧುಗಳಲ್ಲಿ ಒಂದು ವಿನಂತಿ. ಗಾಡಿಯ ಮೇಲಿನ ಅತಿಭಾರ ನಮ್ಮ ಮಾಲಿನದ್ದೇ ಆಗಿದ್ದರೆ, ಅತಿಚಾರ ಗಾಡಿ ಹೊಡೆಯುವವನೊಬ್ಬನದೇ ಅಲ್ಲ; ಬಾಡಿಗೆ ಉಳಿಸಿದವರದೂ ಹೌದು. ದೂರು ಕೊಡುವ ಮೊದಲು ನಮ್ಮ ಅಂಗಡಿಯ ಮುಂದೆ ನಿಂತ ಎತ್ತಿನ ಹೆಗಲನ್ನೊಮ್ಮೆ ನೋಡೋಣ.

ಜೈ ಜಿನೇಂದ್ರ.