ಬಿಸಿಲು, ಗಾಳಿ ಮತ್ತು ಒಬ್ಬ ವಾಸ್ತುಶಿಲ್ಪಿ

ನಮ್ಮ ಬಿನ್ನಿಪೇಟೆಯಿಂದ ಕಲಾಸಿಪಾಳ್ಯದ ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಮಿಲ್ ಕಾರ್ಮಿಕರ ಮಕ್ಕಳಾದ ನಾವು ಊರಿಗೆ ಹೋಗುವಾಗಲೆಲ್ಲ ತಲೆಯ ಮೇಲೆ ಗಂಟು ಹೊತ್ತು ಹಾಗೆಯೇ ಹೋಗುತ್ತಿದ್ದೆವು. 1940ರಲ್ಲಿ ಅಲ್ಲಿ ಬಸ್ ನಿಲ್ದಾಣಕ್ಕೆ ನಕ್ಷೆ ಹಾಕಿದವರು ಜರ್ಮನಿಯಿಂದ ನಿರಾಶ್ರಿತರಾಗಿ ಬಂದ ಒಬ್ಬ ವಾಸ್ತುಶಿಲ್ಪಿ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಅವರದೇ ಕೆಲಸ. ಅವರ ಹೆಸರು ಒಟ್ಟೊ ಕೋನಿಗ್ಸ್‌ಬರ್ಗರ್. ನಮ್ಮ ಶಾಲೆಯ ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅವರ ಬದುಕನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇನೆ.

ಕೋನಿಗ್ಸ್‌ಬರ್ಗರ್ ಹುಟ್ಟಿದ್ದು 1908ರಲ್ಲಿ, ಬರ್ಲಿನ್ ನಗರದಲ್ಲಿ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೆಸರಾಂತ ವಾಸ್ತುಶಿಲ್ಪಿ ಹಾನ್ಸ್ ಪೋಲ್ಜಿಗ್ ಅವರ ಶಿಷ್ಯರಾಗಿ ಕಲಿತರು. 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಬಂತು. ಅದೇ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದನು. ಯೆಹೂದಿ ಮನೆತನದವರೆಂಬ ಒಂದೇ ಕಾರಣಕ್ಕೆ ಇಪ್ಪತ್ತೈದರ ತರುಣ ಸರ್ಕಾರಿ ಕೆಲಸ ಕಳೆದುಕೊಂಡರು. ದೇಶ ಬಿಟ್ಟು ಈಜಿಪ್ಟಿಗೆ ಹೋಗಿ, ಕೈರೋದಲ್ಲಿ ಪುರಾತತ್ವಜ್ಞ ಲುಡ್ವಿಗ್ ಬೋರ್ಖಾರ್ಟ್ ಅವರ ಬಳಿ ಕೆಲಸ ಮಾಡಿದರು. ಪ್ರಾಚೀನ ಈಜಿಪ್ಟಿನವರು ಬಾಗಿಲುಗಳನ್ನು ಹೇಗೆ ಕಟ್ಟುತ್ತಿದ್ದರು ಎಂಬುದೇ ಅವರ ಸಂಶೋಧನೆಯ ವಿಷಯವಾಯಿತು.

ಅವರನ್ನು ಬೆಂಗಳೂರಿಗೆ ಕರೆತಂದ ನಂಟು ವಿಜ್ಞಾನದ್ದು. ಅವರ ಸೋದರಮಾವ, ಪ್ರಸಿದ್ಧ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದರು. ಆಗ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಾಗಿತ್ತು. ಆ ಪರಿಚಯದಿಂದಲೇ 1939ರಲ್ಲಿ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಆಗ ಅವರಿಗೆ ಮೂವತ್ತು ವರ್ಷ.

ಇಲ್ಲಿ ಹೊಸ ಪರೀಕ್ಷೆ ಎದುರಾಯಿತು. ದಿವಾನರಿಗೆ ಗುಮ್ಮಟ, ಕಮಾನು, ಅಲಂಕಾರಗಳೆಂದರೆ ಪ್ರೀತಿ. ಕಟ್ಟಡ ನೋಡಿದವರು ನಿಂತು ನೋಡುವಂತಿರಬೇಕು. ಇವರು ಕಲಿತದ್ದು ಬೇರೆ: ಕಟ್ಟಡ ತನ್ನ ಕೆಲಸ ಮಾಡಿದರೆ ಅದೇ ಅದರ ಅಂದ. ಎರಡರ ನಡುವೆ ದಾರಿ ಹುಡುಕುತ್ತಲೇ ಅವರು ದುಡಿದರು. ಬರ್ಲಿನ್ನಿನಲ್ಲಿ ಬಿಸಿಲನ್ನು ಒಳಗೆ ಕರೆಯಬೇಕು. ನಮ್ಮಲ್ಲಿ ಅದನ್ನು ಹೊರಗೆ ನಿಲ್ಲಿಸಬೇಕು. ಅಲ್ಲಿ ಗಾಳಿಗೆ ಬಾಗಿಲು ಮುಚ್ಚಬೇಕು, ಇಲ್ಲಿ ತೆರೆಯಬೇಕು. ಹಾಗಾಗಿ ಓದಿ ಬಂದ ವಿದ್ಯೆಯನ್ನು ಅವರು ಇಲ್ಲಿ ಮತ್ತೊಮ್ಮೆ ಕಲಿಯಬೇಕಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗದ ಕಟ್ಟಡಗಳನ್ನೂ ಭೋಜನಶಾಲೆ ಮತ್ತು ಸಭಾಂಗಣವನ್ನೂ ಅವರು ರೂಪಿಸಿದರು. ಟಾಟಾ ಸಂಸ್ಥೆಗಾಗಿ ಜಮ್‌ಶೆಡ್‌ಪುರ ನಗರದ ಯೋಜನೆ ತಯಾರಿಸಿದರು. ಒರಿಸ್ಸಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆಯೂ ಅವರದೇ. ಅದಕ್ಕೆ 1948ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದರು. ಮಕ್ಕಳು ಶಾಲೆಗೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಬಡಾವಣೆಗಳಿರಬೇಕು ಎಂಬುದು ಆ ಯೋಜನೆಯ ಒಂದು ಮೂಲ ಭಾವನೆ.

ಅದೇ ವರ್ಷ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು. ದೇಶ ವಿಭಜನೆಯಾಗಿ ಲಕ್ಷಾಂತರ ಜನ ಸೂರಿಲ್ಲದೆ ಬಂದಿದ್ದ ಕಾಲ. ತಾವೂ ಒಮ್ಮೆ ನಿರಾಶ್ರಿತರಾಗಿದ್ದವರಿಗೆ ಆ ಸಂಕಟ ಯಾರೂ ವಿವರಿಸಬೇಕಾಗಿರಲಿಲ್ಲ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಕಟ್ಟುತ್ತಾ ಕೂತರೆ ಮುಗಿಯುವ ಕೆಲಸವಲ್ಲವೆಂದು, ಗೋಡೆಗಳನ್ನೇ ಕಾರ್ಖಾನೆಯಲ್ಲಿ ಅಚ್ಚು ಹಾಕಿ ತಂದು ಜೋಡಿಸುವ ಯೋಜನೆ ಸಿದ್ಧವಾಯಿತು. ದೆಹಲಿಯಲ್ಲಿ ಸರ್ಕಾರಿ ಮನೆ ಕಾರ್ಖಾನೆ ಎದ್ದಿತು. ನಮ್ಮ ಮಿಲ್ಲಿನಲ್ಲಿ ಥಾನುಗಟ್ಟಲೆ ಬಟ್ಟೆ ಬರುವಂತೆ ಅಲ್ಲಿಂದ ಮನೆಗಳು ಬರುತ್ತವೆಂಬುದು ಆಸೆ. ಆದರೆ ಚಪ್ಪಡಿಗಳು ಬಿರುಕುಬಿಟ್ಟವು. ಸಂಸತ್ತಿನಲ್ಲಿ ಟೀಕೆಯ ಮಳೆ ಸುರಿಯಿತು. ಯೋಜನೆ ನಿಂತಿತು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್ನಿಗೆ ಹೊರಟರು.

ಬೇರೆಯವರಾಗಿದ್ದರೆ ಅಲ್ಲಿಗೇ ಕುಗ್ಗಿಹೋಗುತ್ತಿದ್ದರೇನೋ. ಇವರು ಮೇಷ್ಟರಾದರು. ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಉಷ್ಣವಲಯದ ವಾಸ್ತುಶಿಲ್ಪಕ್ಕೆಂದೇ ತೆರೆದಿದ್ದ ವಿಭಾಗಕ್ಕೆ 1957ರಲ್ಲಿ ಮುಖ್ಯಸ್ಥರಾದರು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ತರುಣರು ಅಲ್ಲಿಗೆ ಬಂದು ಕಲಿತರು. ವಿಶ್ವಸಂಸ್ಥೆಯ ಪರವಾಗಿ 1963ರಲ್ಲಿ ಸಿಂಗಪುರಕ್ಕೆ ಸಲಹೆ ನೀಡಿದ ತಂಡದಲ್ಲಿಯೂ ಅವರಿದ್ದರು. ತಮ್ಮ ಸಹೋದ್ಯೋಗಿಗಳೊಂದಿಗೆ ಅವರು ರೂಪಿಸಿದ ಒಂದು ಉಪಾಯವನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಊರಿನ ಹನ್ನೆರಡು ತಿಂಗಳ ಉಷ್ಣತೆ, ತೇವಾಂಶ, ಮಳೆಯ ಲೆಕ್ಕವನ್ನು ಕೋಷ್ಟಕದಲ್ಲಿ ತುಂಬಿದರೆ, ಮನೆ ಯಾವ ದಿಕ್ಕಿಗೆ ನಿಲ್ಲಬೇಕು, ಕಿಟಕಿ ಎಷ್ಟು ದೊಡ್ಡದಿರಬೇಕು, ಗೋಡೆ ದಪ್ಪವೋ ತೆಳುವೋ ಎಂಬುದು ತಿಳಿಯುತ್ತದೆ. ಇದಕ್ಕೆ ಮಹೋನಿ ಕೋಷ್ಟಕವೆಂದು ಹೆಸರು. ಕಾಗದ, ಪೆನ್ಸಿಲ್, ಕೂಡುವ ಕಳೆಯುವ ಲೆಕ್ಕ ಬಂದರೆ ಸಾಕು. 1974ರಲ್ಲಿ ಮೂವರೊಡನೆ ಸೇರಿ ಅವರು ಬರೆದ ಉಷ್ಣವಲಯದ ವಸತಿಯ ಕೈಪಿಡಿ ವಾಸ್ತುಶಿಲ್ಪದ ಕಾಲೇಜುಗಳಲ್ಲಿ ಪಠ್ಯವಾಯಿತು.

1999ರ ಜನವರಿಯಲ್ಲಿ, ತೊಂಬತ್ತರ ತುಂಬು ವಯಸ್ಸಿನಲ್ಲಿ, ಅವರು ಲಂಡನ್ನಿನಲ್ಲಿ ತೀರಿಕೊಂಡರು.

ಇಂದು ನಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳು ಕಂಪ್ಯೂಟರಿನಲ್ಲಿ ಮನೆಯ ಚಿತ್ರ ಬಿಡಿಸುತ್ತಾರೆ. ಕಟ್ಟುವ ಮೊದಲೇ ಬಿಸಿಲು ಎಲ್ಲಿ ಬೀಳುತ್ತದೆ, ಗಾಳಿ ಹೇಗೆ ಹರಿಯುತ್ತದೆ ಎಂದು ಪರದೆಯ ಮೇಲೆ ನೋಡುತ್ತಾರೆ. ಸಂತೋಷದ ಸಂಗತಿ. ಆದರೂ ನಮ್ಮ ಸುತ್ತ ಗಾಜು ಹೊದ್ದ ಕಟ್ಟಡಗಳು ಏಳುತ್ತಲೇ ಇವೆ. ಒಳಗೆ ಹೊತ್ತೆಲ್ಲ ಏಸಿ ಓಡುತ್ತಿರಬೇಕು. ಸಾಧನ ಕೈಗೆ ಬಂದಮಾತ್ರಕ್ಕೆ ವಿವೇಕ ಬರುವುದಿಲ್ಲ. ಕೋನಿಗ್ಸ್‌ಬರ್ಗರ್ ಅವರ ಕಾರ್ಖಾನೆ ಸೋತು, ಕೋಷ್ಟಕ ಗೆದ್ದದ್ದು ಇದನ್ನೇ ಹೇಳುತ್ತದೆ. ಮೊದಲಿನದು ಯಂತ್ರದಿಂದ ಹೊರಟಿತ್ತು, ಎರಡನೆಯದು ಊರಿನ ಬಿಸಿಲು-ಮಳೆಯಿಂದ ಹೊರಟಿತು.

ಶಾಲೆಗೆ ಹೊಸ ಕೊಠಡಿಗಳನ್ನು ಕಟ್ಟಿಸಬೇಕೆಂಬ ಮಾತು ಈ ಮಹೋತ್ಸವದ ಸಂದರ್ಭದಲ್ಲಿ ಕೇಳಿಬರುತ್ತಿದೆ. ದಾನಿಗಳೂ ಮುಂದೆ ಬಂದಾರು. ನಕ್ಷೆ ಮಾಡಿಸುವ ಮೊದಲು ಒಂದು ಮಧ್ಯಾಹ್ನ, ಕರೆಂಟು ಹೋದ ಹೊತ್ತಿನಲ್ಲಿ, ಹಿರಿಯರೆಲ್ಲ ಈಗಿನ ತರಗತಿಯ ಕೊನೆಯ ಬೆಂಚಿನಲ್ಲಿ ಅರ್ಧ ಗಂಟೆ ಕೂತು ನೋಡೋಣ. ಎಲ್ಲಿ ಸೆಕೆ, ಎಲ್ಲಿ ಕತ್ತಲೆ, ಕಿಟಕಿ ಎಲ್ಲಿ ಬೇಕೆಂದು ಆಗ ನಮಗೇ ಗೊತ್ತಾಗುತ್ತದೆ.