ಮೂಸಿ ಹೊಳೆಗೆ ಕಡಿವಾಣ ಹಾಕಿದ ಮುದ್ದೇನಹಳ್ಳಿಯ ಸರ್ ಎಂ.ವಿ.

ತಿಪಟೂರು ಮಾರ್ಕೆಟ್ಟಿನಲ್ಲಿ ಕೊಬ್ಬರಿ ರೇಟು ಎಷ್ಟಾಯ್ತು ಅಂತ ದಿನಕ್ಕೆ ಹತ್ತು ಸಲ ವಿಚಾರಿಸುವ ನಾವು, ನಮ್ಮೂರ ಕೆರೆ ಏರಿ ಗಟ್ಟಿಯಾಗಿದೆಯಾ ಅಂತ ವರ್ಷಕ್ಕೊಮ್ಮೆಯೂ ಕೇಳೋದಿಲ್ಲ. ಕೆರೆ ಕೋಡಿ ಬಿದ್ದರೆ ಬಾಗಿನ ಬಿಟ್ಟು ಬರುತ್ತೇವೆ, ಸರಿ. ಏರಿಯೇ ಕಿತ್ತುಕೊಂಡು ಹೋದರೆ? ಇದನ್ನು ಲೆಕ್ಕ ಹಾಕಿ ತೋರಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಹೆಸರೆತ್ತಿದರೆ ಜನಕ್ಕೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತೆ, ಮೈಸೂರು ಪೇಟ ನೆನಪಾಗುತ್ತೆ. ಹೈದರಾಬಾದಿನ ಕಥೆ ಗೊತ್ತಿರುವವರು ಕಮ್ಮಿ.

ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ಈ ಹುಡುಗನಿಗೆ ಚಿಕ್ಕಂದಿನಲ್ಲೇ ತಂದೆ ಇಲ್ಲವಾದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಕಾಲ ಹಾಕಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಇಂಜಿನಿಯರಾದರು. ಅದೂ ಸಾರ್ವಜನಿಕರ ದುಡ್ಡೇ ಅನ್ನೋದು ಮರೀಬೇಡಿ. ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿ, ಪುಣೆ ಹತ್ತಿರದ ಖಡಕ್ವಾಸ್ಲಾ ಕಟ್ಟೆಗೆ 1903ರಲ್ಲಿ ತಾನೇ ತೆರೆದುಕೊಂಡು ತಾನೇ ಮುಚ್ಚಿಕೊಳ್ಳುವ ಬಾಗಿಲು ಕೂಡಿಸಿದರು. ನಮ್ಮ ಶಿಂಷಾ ನೀರು ಸೇರುವ ಮಾರ್ಕೋನಹಳ್ಳಿಯಲ್ಲಿ ನೀರು ಮಟ್ಟ ಮೀರಿದಾಗ ತಾನಾಗೇ ಹೊರಹಾಕುವ ಸೈಫನ್ ನೋಡಿದವರಿಗೆ ಇದರ ಬೆಲೆ ಗೊತ್ತು.

1908ರ ಸೆಪ್ಟೆಂಬರ್ 28. ಹೈದರಾಬಾದಿನಲ್ಲಿ ಮೂಸಿ ಹೊಳೆ ಊರೊಳಗೆ ನುಗ್ಗಿತು. ಸಾವಿರಾರು ಜನ ಸತ್ತರು, ಸುಮಾರು 19,000 ಮನೆ ಬಿದ್ದವು. ವಿಶ್ವೇಶ್ವರಯ್ಯನವರು ಆಗ ಮುಂಬಯಿ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. ನಿಜಾಮರ ಸರ್ಕಾರದಿಂದ ಕರೆ ಬಂತು. 1909ರಲ್ಲಿ ಬಂದವರು ಮೊದಲು ಕೈ ಹಾಕಿದ್ದು ಮಳೆ ಲೆಕ್ಕಕ್ಕೆ, ಆಮೇಲೆ ಕೆರೆ ಲೆಕ್ಕಕ್ಕೆ. ಊರಿನ ಮೇಲ್ಗಡೆ ನೀರು ಹರಿದುಬರುವ ಪ್ರದೇಶದಲ್ಲಿ 788 ಕೆರೆಗಳಿದ್ದವು. ಆ ಮಳೆಗೆ ಒಡೆದದ್ದು 221! ಮೇಲಿನ ಕೆರೆ ಒಡೆದು ಕೆಳಗಿನದಕ್ಕೆ ನುಗ್ಗಿತು, ಅದು ಒಡೆದು ಅದರ ಕೆಳಗಿನದಕ್ಕೆ. ಹೊಳೆಗೆ ಬಂದದ್ದು ಬರೀ ಮಳೆ ನೀರಲ್ಲ ಸ್ವಾಮಿ, ಎಷ್ಟೋ ಊರುಗಳ ಕೆರೆ ನೀರೆಲ್ಲ ಒಟ್ಟಿಗೆ.

ಊರಿನಲ್ಲಿ ಗೋಡೆ ಎತ್ತರಿಸಿದರೆ ಸಾಲದು, ಮೇಲ್ಗಡೆ ಪ್ರವಾಹ ತಡೆದು ನಿಲ್ಲಿಸಿ ಮೆಲ್ಲಗೆ ಬಿಡುವ ದೊಡ್ಡ ಜಲಾಶಯ ಬೇಕು ಅಂತ ಅವರು ವರದಿ ಕೊಟ್ಟರು. ಮೂಸಿಗೆ ಒಂದು, ಅದನ್ನು ಸೇರುವ ಈಸಿಗೆ ಒಂದು. ಹೊಳೆ ದಂಡೆ ಎತ್ತರಿಸಿ ತೋಟ ಮಾಡಿ, ಊರಿಗೆ ಒಳಚರಂಡಿ ಹಾಕಿ ಅಂತಲೂ ಸೇರಿಸಿದರು. ಇಂಥ ಕೆಲಸ ಯಾವ ಸಾಹುಕಾರನ ಕೈಯಲ್ಲೂ ಆಗೋದಲ್ಲ. ಅಂಗಡಿಯವನು ಮಳಿಗೆಯ ಮುಂದೆ ಎರಡು ಮೆಟ್ಟಿಲು ಜಾಸ್ತಿ ಕಟ್ಟಿಸಬಹುದು, ಅಷ್ಟೆ. ಖರ್ಚನ್ನು ಸರ್ಕಾರದ ಖಜಾನೆಯೇ ಹೊತ್ತಿತು. 1912ರಲ್ಲಿ ನಗರಾಭಿವೃದ್ಧಿಗೆ ಮಂಡಳಿಯಾಯಿತು. ಉಸ್ಮಾನ್ ಸಾಗರ 1920ಕ್ಕೆ, ಹಿಮಾಯತ್ ಸಾಗರ 1927ಕ್ಕೆ ಮುಗಿದವು.

1909ರ ಕೊನೆಗೆ ಮೈಸೂರಿನ ಚೀಫ್ ಇಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಕನ್ನಂಬಾಡಿ ಕಥೆ ಎಲ್ಲರಿಗೂ ಬಾಯಿಪಾಠ, ಇಲ್ಲಿ ಬೇಡ. ಅದರಷ್ಟೇ ದೊಡ್ಡದು ಇನ್ನೊಂದಿದೆ: ಸ್ಥಳೀಯ ಬೋರ್ಡು ಮತ್ತು ಗ್ರಾಮ ಪಂಚಾಯಿತಿಗಳ ಕಾಯಿದೆ ಬಂದದ್ದು 1918ರಲ್ಲಿ, ಇವರ ದಿವಾನಗಿರಿಯಲ್ಲೇ. ಊರಿನ ಕೆಲಸಕ್ಕೆ ಊರವರೇ ಕೂತು ದುಡ್ಡು ಗೊತ್ತುಮಾಡಬೇಕು ಅನ್ನುವ ದಾರಿ ಅದು. 1937ರಲ್ಲಿ, ಎಪ್ಪತ್ತೈದು ದಾಟಿದ ಮೇಲೂ, ಒರಿಸ್ಸಾದ ಮಹಾನದಿ ಪ್ರವಾಹ ನೋಡಿ ಅಲ್ಲಿಗೂ ಜಲಾಶಯ ಬೇಕು ಅಂತ ವರದಿ ಬರೆದರು.

ಈಗ ನಮ್ಮ ಮೂರು ತಾಲ್ಲೂಕಿಗೆ ಬರೋಣ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯಿತಿಗಳ ಪಾಲಿಗೆ. ನೀರಿಗೆ ಈ ಗಡಿ ಗೊತ್ತಿಲ್ಲ. ಚಿಕ್ಕನಾಯಕನಹಳ್ಳಿ ಕಡೆ ಮೇಲಿನ ಚಿಕ್ಕ ಕಟ್ಟೆ ಒಡೆದರೆ ಕೆಳಗಿನ ದೊಡ್ಡ ಕೆರೆಗೇ ಪೆಟ್ಟು, ಅದರ ಕೆಳಗೆ ತೆಂಗಿನ ತೋಟ. ಬಿದ್ದ ಮರದ ಜಾಗದಲ್ಲಿ ಸಸಿ ನೆಟ್ಟರೆ ಕಾಯಿ ಕಾಣೋಕೆ ಏಳೆಂಟು ವರ್ಷ. ಗ್ರಾಮಸಭೆಯಲ್ಲಿ ಸಿ.ಸಿ. ರಸ್ತೆಗೆ ಗದ್ದಲ ಮಾಡುವವರು ಏರಿ ಮೇಲಿನ ಜಾಲಿ ಕೀಳಿಸೋಕೆ, ಮುಚ್ಚಿಹೋದ ಕೋಡಿಹಳ್ಳ ಬಿಡಿಸೋಕೆ ಕ್ರಿಯಾಯೋಜನೆಯಲ್ಲಿ ಎಷ್ಟಿಟ್ಟಿದ್ದೀರಿ ಅಂತ ಕೇಳಿದ್ದು ಈ ವರದಿಗಾರನ ಕಿವಿಗೆ ಬಿದ್ದದ್ದು ಅಪರೂಪ.

ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ, ನೂರು ದಾಟಿ, ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಸಮಾಧಿ ಇದೆ. ಉಸ್ಮಾನ್ ಸಾಗರಕ್ಕೆ ಹೈದರಾಬಾದಿನವರು ಗಂಡಿಪೇಟೆ ಕೆರೆ ಅಂತಾರೆ. ಆ ಕಡೆ ಹೋದರೆ ಏರಿ ಮೇಲೆ ನಿಂತು ನೋಡಿ ಬನ್ನಿ.